ಎಮ್ಮೆ ಕೊಟ್ಟು ತಂದ ಡ್ರಮ್ಮಿನ ಬೆಲೆ

ಭಾವ,

ಹೇಗಿದ್ದೀರಿ ಅಂತ ಕೇಳಿದರೆ ನಗುತ್ತೀರಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಕ್ಕನ ಮಂಡಿ ನೋವು ಒಂದು ಬಿಟ್ಟರೆ ಮನೆಯಲ್ಲಿ ಯಾರಿಗೂ ಏನೂ ತೊಂದರೆ ಇಲ್ಲ. ಟೈಲರ್ ಅಂಗಡಿಯ ಬಿಲ್ಲು ಪುಸ್ತಕದ ಹಿಂಭಾಗದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ ಅಂತ ಬೈಯಬೇಡಿ. ಬಟ್ಟೆ ಮೇಲೆ ಹಾಕುವ ಗೆರೆ ನೇರ ಬರುತ್ತದೆ, ಹಾಳೆ ಮೇಲೆ ಬರುವುದಿಲ್ಲ, ಏನು ಮಾಡಲಿ? ನಿಮ್ಮ ಸೈಡ್‌ಡ್ರಮ್ಮಿನ ವಿಷಯ ತಿಳಿಸಬೇಕಾಗಿತ್ತು. ಅದರ ಬೆಲೆ ಎಷ್ಟು ಅಂತ ಕೊನೆಗೂ ಗೊತ್ತಾಯಿತು.

ನಿಮ್ಮ ತಿಥಿ ಕಾರ್ಯ ಎಲ್ಲ ಮುಗಿದು ಅಕ್ಕ ಹಾಸ್ಟೆಲಿನ ಅಡುಗೆ ಕೆಲಸಕ್ಕೆ ವಾಪಸ್ಸು ಹೋದ ದಿನ ನೆನಪಾಗುತ್ತದೆ. ಮಧ್ಯಾಹ್ನಕ್ಕೇ ಗೋಡೆ ಹಿಡಿದುಕೊಂಡು ಬಂದಳು. ಅಷ್ಟು ದೊಡ್ಡ ಪಾತ್ರೆಯಲ್ಲಿ ಮುದ್ದೆ ತಿರುವುವುದು ಅರವತ್ತು ದಾಟಿದ ಹೆಂಗಸಿಗೆ ಆಗುವ ಕೆಲಸವಾ? ಹಂಗೂ ಹಿಂಗೂ ಮೂರು ತಿಂಗಳು ಎಳೆದಳು. ಆಮೇಲೆ ಒಂದು ಭಾನುವಾರ ನನ್ನ ಅಂಗಡಿಗೆ ಬಂದು ಹೊಲಿಗೆ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿದಳು, "ಲೇ ಸೋಮ, ಇನ್ ನನ್ ಕೈಲಾಗಲ್ಲ ಕಣೋ. ಮನೇಲೇ ದೋಸೆ ಇಟ್ಟು ರುಬ್ಬಿ ಮಾರ್ತೀನಿ. ಒಂದ್ ದೊಡ್ ಗ್ರೈಂಡ್ರು, ಒಂದ್ ಫ್ರಿಜ್ಜು ಆದ್ರೆ ಸಾಕು. ನಿಮ್ ಭಾವನ್ ಡ್ರಮ್ ಮಾರ್ಕೊಟ್ಬುಡು." ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಎಮ್ಮೆ ಬೆಲೆನಾದ್ರೂ ಬತ್ತದಾ ನೋಡು" ಅಂತ ನಕ್ಕಳು. ನಾನೂ ನಕ್ಕೆ.

ಆ ಎಮ್ಮೆ ಹೊಡೆದುಕೊಂಡು ಹೋದ ದಿನ ನನಗೆ ನಿನ್ನೆ ಮೊನ್ನೆಯ ಹಾಗಿದೆ. ಅದಕ್ಕೂ ಮುಂಚಿನ ವಾರ ನಮ್ಮ ಬ್ಯಾಂಡ್‌ಸೆಟ್ಟು ಪಿರಿಯಾಪಟ್ಟಣದ ಆಚೆ, ಕೊಡಗಿನ ಗಡಿಯ ಹತ್ತಿರದ ಕಾಫಿ ಎಸ್ಟೇಟಿನ ಮದುವೆಗೆ ಹೋಗಿತ್ತು. ಊಟಕ್ಕೆ ನಮ್ಮನ್ನು ಗೋಡೌನಿನ ಪಕ್ಕ ಕೂರಿಸಿದ್ದರು. ಒಳಗೆ ಮುರಿದ ಕುರ್ಚಿಗಳ ನಡುವೆ ಹಳೇ ಕ್ಲಬ್ಬಿನ ಸಾಮಾನು ಬಿದ್ದಿತ್ತು. ಅದರಲ್ಲಿ ಕಪ್ಪಗಿದ್ದ ಈ ಡ್ರಮ್ಮು. ನೀವು ಎಲೆ ಮುಂದಿನಿಂದ ಎದ್ದು ಹೋಗಿ ಅದರ ಮೈಗೆ ಉಗುರಿನಿಂದ ಟಣ್ ಅಂತ ಹೊಡೆದು ಕಿವಿ ಕೊಟ್ಟಿರಿ. ಅಷ್ಟೇ. ಮತ್ತೆ ಊಟಕ್ಕೆ ಬರಲೇ ಇಲ್ಲ. ನಿಮ್ಮ ಪಾಲಿನ ಹೋಳಿಗೆ ನಾನೇ ತಿಂದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು, "ದುಡ್ಡು ಬೇಡ್ರೀ, ಮನೇಲಿ ಮಕ್ಕಳಿಗೆ ಹಾಲಿಲ್ಲ, ಒಂದು ಕರೆಯೋ ಎಮ್ಮೆ ತಂದುಕೊಟ್ಟು ಎತ್ತಿಕೊಂಡು ಹೋಗಿ" ಅಂದ. ಮರುವಾರ ನೀವು ಅಕ್ಕನಿಗೆ, ಎಮ್ಮೆಯನ್ನು ಗಬ್ಬ ಕಟ್ಟಿಸಲು ಬಿಳಿಕೆರೆಗೆ ಕೋಣದ ಹತ್ತಿರ ಹೊಡೆದುಕೊಂಡು ಹೋಗುತ್ತೇವೆ ಅಂದಿರಿ. ನಮ್ಮ ಹುಣಸೂರಿನ ರಸ್ತೆಗೆ ಬಂದದ್ದೇ ಬಿಳಿಕೆರೆಗೆ ಬೆನ್ನು ತಿರುಗಿಸಿ ಪಿರಿಯಾಪಟ್ಟಣದ ಕಡೆ ನಡೆದಿರಿ. ಅಲ್ಲಿ ಹೊಗೆಸೊಪ್ಪಿನ ಹರಾಜಿನ ಕಾಲ, ರಸ್ತೆ ತುಂಬ ಬೇಲು ತುಂಬಿದ ಟ್ರ್ಯಾಕ್ಟರುಗಳು. ಎಮ್ಮೆ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಒಬ್ಬ ಡ್ರೈವರು, "ಯಾರ್ಲಾ ಅದು, ಎಮ್ಮೇನೂ ಅರಾಜಿಗೆ ತಂದೀರಾ?" ಅಂತ ಕೂಗಿದ. ನೀವು ಬಾಲ ತಿರುವುತ್ತಿದ್ದಿರಿ, ನಾನು ಹಗ್ಗ ಎಳೆಯುತ್ತಿದ್ದೆ. ತಡೆಯಬೇಕಾಗಿತ್ತು ನಾನು. ಅಕ್ಕನ ತಮ್ಮ ನಾನು, ನಿಮ್ಮ ಕಡೆಯವನಲ್ಲ. ಆದರೂ ಎಳೆದೆ.

ಮಾರನೇ ಸಂಜೆ ಬಸ್ಸಿನಲ್ಲಿ ವಾಪಸ್ಸು ಬಂದಾಗ ಅಕ್ಕ ತೌಡು ಕಲಸಿಟ್ಟುಕೊಂಡು, ಹಾಲು ಕರೆಯುವ ಬಕೆಟ್ಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಕಾಳಿ ಎಲ್ಲಿ?" ಅಂದಳು. ನೀವು ಡ್ರಮ್ಮನ್ನು ಜಗಲಿ ಮೇಲಿಟ್ಟು, "ಒಳ್ಳೇ ಸಾಮಾನು ಕಣೆ, ಇಂಥದ್ ಮತ್ ಸಿಕ್ಕಕಿಲ್ಲ" ಅಂದಿರಿ. ಅಕ್ಕ ಒಂದು ಗಳಿಗೆ ನಿಮ್ಮನ್ನು ನೋಡಿದಳು, ಒಂದು ಗಳಿಗೆ ನನ್ನನ್ನು ನೋಡಿದಳು. ಬಕೆಟ್ಟು ತಂದು ಡ್ರಮ್ಮಿನ ಪಕ್ಕ ಕುಕ್ಕಿ, "ಕರೀರಿ ಅಂಗಾರೆ ಹಾಲ" ಅಂದು ಒಳಗೆ ಹೋದಳು. ಮಿರ್ಲೆಯಿಂದ ನಮ್ಮವ್ವ ಮಗಳಿಗೆ ಅಂತ ಬಳುವಳಿ ಕೊಟ್ಟು ಕಳಿಸಿದ್ದ ಎಮ್ಮೆ ಅದು. ತಿಂಗಳು ಪೂರ್ತಿ ಅಕ್ಕ ನಿಮ್ಮ ಜೊತೆ ಮಾತಾಡಲಿಲ್ಲ. ಆಮೇಲೆ ಮಾತಾಡಿದಳು, ಮಾತಾಡಿದಾಗಲೆಲ್ಲ ಎಮ್ಮೆಯ ಮಾತನ್ನೇ ಆಡಿದಳು. ಹಬ್ಬ ಬಂದರೆ, ನೆಂಟರು ಬಂದರೆ, ಹಾಲಿನವನು ಸ್ವಲ್ಪ ತಡ ಮಾಡಿದರೆ, "ನಮ್ ಯಜಮಾನ್ರು ಬಾರಿಸ್ತಾರೆ ತಡೀರಿ, ಹಾಲ್ ಬತ್ತದೆ" ಅನ್ನುತ್ತಿದ್ದಳು. ಬ್ಯಾಂಡಿನವರು ಡ್ರಮ್ಮಿಗೆ ಕಾಳಿ ಅಂತಲೇ ಹೆಸರಿಟ್ಟರು. ಮೂವತ್ತು ವರ್ಷ ಭಾವ! ನೀವು ಒಂದು ದಿನವೂ ತಿರುಗಿ ಮಾತಾಡಲಿಲ್ಲ.

ಮದುವೆ ಸೀಸನ್ನು ಶುರುವಾಗುವ ಮುಂಚೆ ನಾವು ಟ್ರಂಪೆಟ್ಟಿನವರು ಕೂತು ಪಾಲಿಶ್ ಮಾಡುತ್ತಿದ್ದದ್ದು ನಿಮಗೆ ನೆನಪಿರಬೇಕು. ಹುಣಸೆಹಣ್ಣು, ಬೂದಿ, ಹಳೇ ಬನಿಯನ್ನು. ಬ್ಯಾಂಡು ಅಂದ ಮೇಲೆ ಪಳಪಳ ಅನ್ನಬೇಕು, ಹೆಣ್ಣಿನ ಕಡೆಯವರು ಮೊದಲು ನೋಡುವುದೇ ಅದನ್ನು, ಬಾರಿಸುವುದನ್ನು ಯಾರು ಕೇಳುತ್ತಾರೆ? ನಿಮ್ಮ ಡ್ರಮ್ಮಿಗೆ ಮಾತ್ರ ಕೈ ಹಾಕಲು ಬಿಡುತ್ತಿರಲಿಲ್ಲ. ಕಪ್ಪಗೆ ಕಿಲುಬು ಹಿಡಿದ ಹಾಗಿತ್ತು ಅದು, ಮೇಲೆ ಏನೋ ಬಳ್ಳಿ ಬಳ್ಳಿ ಗೆರೆ. ಒಣ ಬಟ್ಟೆಯಲ್ಲಿ ಒರೆಸುವುದು, ಚೀಲಕ್ಕೆ ಹಾಕುವುದು, ಅಷ್ಟೇ ನಿಮ್ಮದು. ಹೆಗಲಿಗೆ ನೇತುಹಾಕುವ ಕೊಕ್ಕೆಗೆ ಒಂದು ತೂತು ಕೊರೆಸಿ ಅಂದರೆ ಅದೂ ಇಲ್ಲ. ಚಮ್ಮಾರರ ಹತ್ತಿರ ಹೋಗಿ ಚರ್ಮದ ಪಟ್ಟಿ ಹೊಲಿಸಿ, ತೊಟ್ಟಿಲು ಕಟ್ಟಿದ ಹಾಗೆ ಕಟ್ಟಿಕೊಂಡು ಬಾರಿಸಿದಿರಿ. ಜಿಗುಟು ಆಸಾಮಿ ಅಂತ ನಾವು ಆಡಿಕೊಂಡೆವು. ಯಾಕೆ ಅಂತ ಒಬ್ಬನಾದರೂ ಕೇಳಿದ್ದರೆ...

ಡ್ರಮ್ಮು ನನ್ನ ಕೈಗೆ ಬಂದ ದಿನವೇ ನಾನು ಮಾಡಿದ ಕೆಲಸ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಮಾರುವ ಸಾಮಾನು ನೋಡಲು ಚೆನ್ನಾಗಿರಬೇಕಲ್ಲವೇ? ಸಂತೆಗೆ ದನ ಹೊಡೆಯುವವರೂ ಕೊಂಬು ಹೆರೆದು ಎಣ್ಣೆ ಹಚ್ಚುತ್ತಾರೆ. ಮೊದಲು ಹುಣಸೆಹಣ್ಣು ಹಾಕಿ ಉಜ್ಜಿದೆ. ಜಗ್ಗಲಿಲ್ಲ. ಪಾತ್ರೆ ಪಾಲಿಶ್ ಮಾಡುವವನ ಹತ್ತಿರ ಕೊಟ್ಟು ಚಕ್ರ ಹಿಡಿಸಿದೆ. ಕಪ್ಪೆಲ್ಲ ಹೋಗಿ ಒಳಗಿನ ಹಿತ್ತಾಳೆ ಬಂತು. ಮೇಲೆ ಕೆಳಗಿನ ಬಳೆಗಳನ್ನು, ಪಕ್ಕದ ಲಿವರನ್ನು ಬೈಕಿನ ಸೈಲೆನ್ಸರುಗಳ ಜೊತೆ ಸೇರಿಸಿ ಹೊಸದಾಗಿ ಬೆಳ್ಳಗೆ ಪ್ಲೇಟಿಂಗ್ ಮಾಡಿಸಿದೆ. ಮನೆಗೆ ತಂದಾಗ ಅಕ್ಕ, "ಅಯ್ಯೋ, ಮದ್ವೆ ಎಣ್ಣಿನಂಗಾಗದೆ ಕಣ್ಲಾ!" ಅಂದಳು. ನನಗೂ ಹೆಮ್ಮೆಯಾಯಿತು. ಭಾವನ ಕೈಲಿ ಇಷ್ಟು ವರ್ಷ ಕೊಳೆ ಹಾಕಿಕೊಂಡು ಬಿದ್ದಿತ್ತು ಪಾಪ ಅಂದುಕೊಂಡೆ.

ಮೈಸೂರಿನಲ್ಲಿ ಜೋಸೆಫ್ ಅಂತ ಒಬ್ಬರಿದ್ದಾರೆ, ನಿಮಗಿಂತ ನಾಲ್ಕೈದು ವರ್ಷ ಚಿಕ್ಕವರು. ಚರ್ಚಿನ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದವರು, ಈಗ ಹಳೇ ವಾದ್ಯ ರಿಪೇರಿ ಮಾಡಿ ಮಾರುತ್ತಾರೆ. ಅವರ ಮುಂದೆ ಬಟ್ಟೆ ಬಿಚ್ಚಿ ಡ್ರಮ್ಮು ಇಟ್ಟೆ. ಅವರು ಹೊಳಪು ನೋಡಲೇ ಇಲ್ಲ. ಮೊದಲು ತೂತು ಎಣಿಸಿದರು. ಆಮೇಲೆ ಸ್ಕ್ರೂ ಬಿಚ್ಚಿ ಮೇಲೆ ಬಿಗಿದ ಬಾರಿಸುವ ಹಾಳೆ, ಕೆಳಗಿನ ಹಾಳೆ, ತಂತಿ ಎಲ್ಲ ತೆಗೆದರು. ಖಾಲಿ ಹಿತ್ತಾಳೆಯ ಮೈಯನ್ನು ಒಂದು ಕನ್ನಡಿ ಗಾಜಿನ ಮೇಲೆ ಬೋರಲು ಹಾಕಿ ಒಳಗೆ ಟಾರ್ಚ್ ಬಿಟ್ಟರು, ಅಂಚು ಸೊಟ್ಟಗಾಗಿ ಬೆಳಕು ಸೋರುತ್ತದಾ ಅಂತ. ಸೋರಲಿಲ್ಲ. ಬೆಸುಗೆ ಇದೆಯಾ ಅಂತ ಬೆರಳಾಡಿಸಿದರು. ಇರಲಿಲ್ಲ. ಕೊನೆಗೆ ಎತ್ತಿ ಹಿಡಿದು ಉಗುರಿನಿಂದ ಟಣ್ ಅನ್ನಿಸಿ ಕಿವಿ ಕೊಟ್ಟರು. ಭಾವ, ನೀವು ಗೋಡೌನಿನಲ್ಲಿ ಹೊಡೆದ ಹಾಗೇ ಹೊಡೆದರು!

"ಬ್ಯಾಂಡ್‌ಸೆಟ್ಟಿನ ಡ್ರಮ್ಮಾ ಇದು?" ಅಂತ ಕೇಳಿದರು. ಹೌದು ಅಂದೆ. "ಕೊಕ್ಕೆ ಹಾಕೋಕೆ ಕೊರೆದೇ ಇರ್ತಾರಲ್ಲ. ಕಂಪನಿ ತೂತು ಬಿಟ್ಟು ಒಂದೂ ಹೆಚ್ಚಿಲ್ಲ. ಹೇಗೆ ಹೊತ್ಕೊಳ್ತಿದ್ರು?" ಚರ್ಮದ ಪಟ್ಟಿಯ ವಿಷಯ ಹೇಳಿದೆ. ಅವರು ತಲೆ ಆಡಿಸಿ, "ಗೊತ್ತಿದ್ದವರು" ಅಂದರು. ಆಮೇಲೆ ಹಿತ್ತಾಳೆ ಮೇಲೆ ಕೈಯಿಟ್ಟು, "ಈ ಕೆಲಸ ಮಾಡಿದ್ದೂ ಅವರೇನಾ?" ಅಂದರು. ನಾನು ಎದೆ ಉಬ್ಬಿಸಿ, "ಇಲ್ಲ ಸಾರ್, ನಾನು ಮಾಡ್ಸಿದ್ದು, ಬರೀ ಕಿಲುಬು ಹಿಡಿದಿತ್ತು" ಅಂದೆ. ಜೋಸೆಫರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದು ಕಿಲುಬಲ್ಲಪ್ಪಾ. ಕಾರ್ಖಾನೇಲೇ ಹಾಕಿದ ಕಪ್ಪು ಲೇಪ. ಅದರ ಮೇಲೆ ಕೈಯಲ್ಲಿ ಬಳ್ಳಿ ಕೆತ್ತಿರ್ತಾರೆ, ಕಪ್ಪಿನ ಮಧ್ಯೆ ಹಿತ್ತಾಳೆ ಮಿಂಚಬೇಕು. ಇಂಥ ಹಳೇ ಸ್ನೇರ್ ಡ್ರಮ್ಮು ಹುಡುಕೋರು ಆ ಕಪ್ಪಿಗೇ ದುಡ್ಡು ಕೊಡೋದು" ಅಂದು, ಫೋನಿನಲ್ಲಿ ಇಂಥದ್ದೇ ಒಂದರ ಫೋಟೋ ತೋರಿಸಿದರು. ನಿಮ್ಮ ಡ್ರಮ್ಮೇ ಅದು. ನಾನು ಚಕ್ರಕ್ಕೆ ಕೊಡುವ ಮುಂಚಿನ ನಿಮ್ಮ ಡ್ರಮ್ಮು.

ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮುಟ್ಟದೆ ಹಾಗೇ ತಂದಿದ್ದರೆ ಮೂರು ಪಾಲು ಕೊಡುತ್ತಿದ್ದೆ, ಈಗ ಒಂದು ಪಾಲು ಅಂದರು. ಕೂಡಿಡುವವರು ಇನ್ನು ಇದನ್ನು ಕೊಳ್ಳುವುದಿಲ್ಲ, ಸದ್ದು ಚೆನ್ನಾಗಿದೆ, ಬಾರಿಸುವವರು ಯಾರಾದರೂ ಕೊಳ್ಳುತ್ತಾರೆ ಅಂದರು. ಆ ಒಂದು ಪಾಲಿನಲ್ಲಿ ಗ್ರೈಂಡರು ಬರುತ್ತಿತ್ತು, ಫ್ರಿಜ್ಜು ಬರುತ್ತಿರಲಿಲ್ಲ. ಅಕ್ಕನನ್ನು ಕೇಳಿಕೊಂಡು ಬರುತ್ತೇನೆ ಅಂತ ಡ್ರಮ್ಮು ಎತ್ತಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತೊಡೆ ಮೇಲೆ ಅದು ಪಳಪಳ ಅನ್ನುತ್ತಿತ್ತು, ಪಕ್ಕದವನು, "ಎಷ್ಟಕ್ ತಗಂಡ್ರಿ ಅಣ್ಣ, ಒಸದಾ?" ಅಂತ ಬೇರೆ ಕೇಳಿದ. ಅವನ ತಲೆ ಮೇಲೆ ಕುಕ್ಕೋಣ ಅನ್ನಿಸಿತು.

ಮನೆಗೆ ಬಂದು ಬೆಲೆ ಹೇಳಿದಾಗ ಅಕ್ಕ ಅಕ್ಕಿ ಆರಿಸುತ್ತಿದ್ದಳು. "ಅಷ್ಟೇಯಾ?" ಅಂದಳು. "ನಂಗೊತ್ತಿತ್ತು ಬುಡು. ಆ ರೈಟ್ರು ನಿಮ್ ಭಾವಂಗೆ ಸರ್ಯಾಗ್ ಟೋಪಿ ಹಾಕ್ದ." ನಾನು ಆಗ ಬಾಯಿ ಬಿಡಬೇಕಾಗಿತ್ತು. ಇಲ್ಲ ಅಕ್ಕ, ಭಾವ ತಂದದ್ದು ಚಿನ್ನದಂಥ ಸಾಮಾನು, ಹಾಳು ಮಾಡಿದವನು ನಾನು ಅಂತ. ಏನು ಅಂದೆ ಗೊತ್ತಾ? "ಹೂಂ ಅಕ್ಕ" ಅಂದೆ. ಅಷ್ಟೇ ಅಂದದ್ದು. ಆ ಒಂದು ಹೂಂ ಇಟ್ಟುಕೊಂಡು ನಾನು ತಿಂಗಳುಗಟ್ಟಲೆ ಅವಳ ಮನೆಯಲ್ಲಿ ಕಾಫಿ ಕುಡಿದೆ. ಹಬ್ಬ ಕಳೀಲಿ ಮಾರೋಣ, ಮಳೆ ಬರಲಿ ಮಾರೋಣ ಅಂತ ಅವಳೂ ಮುಂದೂಡಿದಳು, ಹಾಸ್ಟೆಲಿಗೆ ಕುಂಟಿಕೊಂಡು ಹೋಗಿ ಬರುತ್ತಿದ್ದಳು. ನಾಚಿಕೆಗೆಟ್ಟವನು ನಾನು ಭಾವ.

ನಿಮಗೆ ವರ್ಷದ ಎಡೆ ಇಟ್ಟ ದಿನ ಮಿರ್ಲೆಯಿಂದ ಚಿಕ್ಕಪ್ಪನೂ ಬಂದಿದ್ದ. ನಿಮಗಿಷ್ಟ ಅಂತ ಅಕ್ಕ ಬೋಟಿ ಗೊಜ್ಜು ಮಾಡಿದ್ದಳು. ಎಲೆ ಮುಂದೆ ಕೂತ ಚಿಕ್ಕಪ್ಪ, ನಿಮ್ಮ ಫೋಟೋ ಮುಂದಿಟ್ಟಿದ್ದ ಡ್ರಮ್ಮು ನೋಡಿ, "ಎಮ್ಮೆ ಕೊಟ್ಟು ತಗಡ್ ತಂದ ಪುಣ್ಯಾತ್ಮ, ಸತ್ ಮೇಲೂ ಪಕ್ದಲ್ಲೇ ಮಡಿಕಂಡವ್ನಲ್ಲ!" ಅಂದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನೀವು ಬದುಕಿದ್ದಾಗ ನಗುವುದು ಬೇರೆ, ಅದರಲ್ಲಿ ನೀವೂ ಇರುತ್ತಿದ್ದಿರಿ. ಈಗ ಫೋಟೋ ಆಗಿ ಕೂತವರನ್ನು ದಡ್ಡ ಅಂತ ನಗುತ್ತಿದ್ದಾರೆ, ನಿಜವಾದ ದಡ್ಡ ಇಲ್ಲಿ ಎರಡನೇ ಸಲ ಗೊಜ್ಜು ಹಾಕಿಸಿಕೊಂಡು ಕೂತಿದ್ದಾನೆ.

ಮಾರನೇ ಬೆಳಿಗ್ಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಕಪ್ಪು ಲೇಪ, ಚಕ್ರ, ಮೂರು ಪಾಲು, ಒಂದು ಪಾಲು, ಹೂಂ ಅಂದದ್ದು, ಯಾವುದನ್ನೂ ಬಿಡಲಿಲ್ಲ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತೆ. ಅಕ್ಕ ಕೇಳಿದ್ದು ಒಂದೇ. "ಅಂದ್ರೆ, ಅವ್ರು ಟೋಪಿ ಹಾಕಿಸ್ಕಂಡಿರ್ನಿಲ್ವಾ?" "ಇಲ್ಲ ಅಕ್ಕ." "ಗೊತ್ತಿದ್ದೇ ತಂದಿದ್ರಾ?" "ಹೌದಕ್ಕ, ಗೊತ್ತಿದ್ದೇ." ಆಮೇಲೆ ಬೈಗುಳ ಬಂತು ನೋಡಿ! "ನಿನ್ ಬಾಯ್ಗೆ ಮಣ್ಣಾಕ! ನೆನ್ನೆ ಎಡೆ ಮುಂದೆ ಅಷ್ಟು ಜನ ನಗೋವಾಗ ಬಾಯಲ್ಲಿ ಏನ್ ಕಡುಬ್ ಇಟ್ಕಂಡಿದ್ಯೇನ್ಲಾ?" ಡ್ರಮ್ಮು ಹಾಳು ಮಾಡಿದ್ದಕ್ಕೆ ಒಂದು ಮಾತೂ ಇಲ್ಲ. ಬೈದು ಮುಗಿಸಿ, "ನಾಳಿಕ್ಕೆ ಮೈಸೂರ್ಗೆ ಓಗಣ. ಆ ಅಂಗ್ಡಿಯವ್ರ ಬಾಯಲ್ಲೇ ನಾನ್ ಕೇಳ್ಬೇಕು" ಅಂದಳು.

ಜೋಸೆಫರ ಅಂಗಡಿಯ ಮೂರು ಮೆಟ್ಟಿಲು ಹತ್ತಲು ಅಕ್ಕ ನನ್ನ ಹೆಗಲು ಹಿಡಿದುಕೊಂಡಳು. ಅವರು ಪಾಪ, ನನಗೆ ಹೇಳಿದ್ದನ್ನೆಲ್ಲ ಅವಳಿಗೂ ಬಿಡಿಸಿ ಹೇಳಿದರು. ಅಂಚು ತೋರಿಸಿದರು, ಟಾರ್ಚ್ ಬಿಟ್ಟು ತೋರಿಸಿದರು, ಹೆಚ್ಚಿಗೆ ತೂತಿಲ್ಲದ್ದನ್ನು ತೋರಿಸಿದರು. ಅಕ್ಕ ಡ್ರಮ್ಮಿನ ಮೈ ಸುತ್ತ ನಿಧಾನಕ್ಕೆ ಬೆರಳಾಡಿಸಿದಳು. ಇಷ್ಟು ವರ್ಷದಲ್ಲಿ ಅವಳು ಅದನ್ನು ಮುಟ್ಟಿದ್ದು ನಾನು ನೋಡಿರಲಿಲ್ಲ. "ಎಮ್ಮೆಗಿಂತ ಎಚ್ಚಾ ಸ್ವಾಮಿ ಇದು?" ಅಂದಳು. ಅವರು ನನ್ನ ಮುಖ ನೋಡಿದರು, ಎಮ್ಮೆಯ ಕತೆ ಹೇಳಿದೆ. "ಅಮ್ಮಾ, ಅವತ್ತೇ ಮಾರಿದ್ದಿದ್ರೂ ಕೊಟ್ಟಿಗೆ ತುಂಬ ಎಮ್ಮೆ ಕಟ್ಟಬಹುದಾಗಿತ್ತು" ಅಂತ ನಕ್ಕರು. ಅಕ್ಕ ನಗಲಿಲ್ಲ. ಮಾರುತ್ತೀರಾ ಇಟ್ಟುಕೊಳ್ಳುತ್ತೀರಾ ಅಂದಾಗ, "ಮಾರ್ತೀನಿ. ಮಡಿಕಂಡ್ ಏನ್ ಮಾಡ್ಲಿ, ಮನೇಲಿ ಬಾರ್ಸೋರ್ ಯಾರವ್ರೆ?" ಅಂದಳು. ಅಲ್ಲೇ ಕೊಟ್ಟು ಬಂದೆವು. ಚರ್ಮದ ಪಟ್ಟಿಯನ್ನೂ ಜೊತೆಗೇ ಕೊಟ್ಟೆವು.

ವಾಪಸ್ಸು ಬರುವಾಗ ಬಸ್ಸು ಬಿಳಿಕೆರೆಯಲ್ಲಿ ನಿಂತಿತ್ತು. ಅಕ್ಕ ಕಿಟಕಿ ಕಡೆ ಮುಖ ಮಾಡಿಕೊಂಡೇ, "ಒಂದ್ ಮಾತು ಹೇಳ್ಬೋದಾಗಿತ್ತಲ್ಲೋ ಅವ್ರು? ಅಷ್ಟ್ ವರ್ಸ ಅಂದೆ ನಾನು. ಇಲ್ಲ ಕಣೆ, ಇದಕ್ಕಿಂಗಿಂಗೆ ಬೆಲೆ ಅದೆ ಅಂತ ಒಂದ್ ಮಾತು" ಅಂದಳು. ಇದಕ್ಕೆ ಉತ್ತರ ನನ್ನ ಹತ್ತಿರ ಇತ್ತು ಭಾವ, ನಿಮಗೆ ಗೊತ್ತು. ಎಚ್.ಡಿ. ಕೋಟೆಯ ಮದುವೆ ಮುಗಿಸಿ ಟೆಂಪೋದಲ್ಲಿ ಬರುವಾಗ ನಮ್ಮವರೆಲ್ಲ ಕಾಳಿ ಕಾಳಿ ಅಂತ ನಿಮ್ಮನ್ನು ಗೋಳು ಹೊಯ್ದುಕೊಂಡಿದ್ದರು. ಇಳಿದ ಮೇಲೆ ನಾನು, ಯಾಕೆ ಭಾವ ಸುಮ್ಮನಿರುತ್ತೀರಿ ಅಂತ ಕೇಳಿದ್ದೆ. ಆಗ ನೀವು ಅಂದದ್ದನ್ನು ಇದ್ದ ಹಾಗೇ ಅಕ್ಕನಿಗೆ ಹೇಳಿದೆ. "ಮೋಸ ಓಗಿಲ್ಲ ಕಣೋ ಸೋಮ, ಇದ್ರ ಬೆಲೆ ನಂಗೊತ್ತು. ಆದ್ರೆ ಅವಳ್ ತವರಿನ್ ಎಮ್ಮೆಯ ಅವಳನ್ನ ಕೇಳ್ದೆ ಹೊಡ್ಕಂಡ್ ಓದೆ. ಬೆಲೆ ಹೇಳ್ಬುಟ್ರೆ ನಾನ್ ಮಾಡಿದ್ದೇ ಸರಿ ಅಂದಂಗಾಯ್ತದೆ. ಬೈಲಿ ಬುಡು." ಸೋತವರ ಸಮಾಧಾನದ ಮಾತು ಅಂದುಕೊಂಡು, ಗಂಡ ಹೆಂಡಿರ ವಿಷಯ ನನಗ್ಯಾಕೆ ಅಂತ ಆಗ ನಾನು ಅದನ್ನು ಅಲ್ಲಿಗೇ ಬಿಟ್ಟಿದ್ದೆ. ಹುಣಸೂರಿನಲ್ಲಿ ಇಳಿದವಳೇ ಅಕ್ಕ ಕುಂಟಿಕೊಂಡೇ ಗ್ರೈಂಡರಿನ ಅಂಗಡಿ ಕಡೆ ನಡೆದಳು.

ಗ್ರೈಂಡರು ಬಂತು. ಫ್ರಿಜ್ಜು ನನ್ನ ತಪ್ಪಿನ ಬಾಬ್ತು, ಬಾಗಿಲು ಮುಚ್ಚಿದ ಒಂದು ಬೇಕರಿಯವರ ಹಳೇದನ್ನು ತಂದು ನಾನೇ ಇಟ್ಟುಕೊಟ್ಟೆ. ಒರೆಸಿದೆ ಅಷ್ಟೇ, ಪಾಲಿಶ್ ಮಾಡಿಲ್ಲ! ಹಾಸ್ಟೆಲಿಗೆ ಬರುವುದಿಲ್ಲ ಅಂತ ಅಕ್ಕ ಹೇಳಿ ಬಂದಳು. ಬೀದಿಯವರೆಲ್ಲ ದೋಸೆ ಹಿಟ್ಟಿಗೆ ಬರುತ್ತಾರೆ. ಬಂದವರಿಗೆಲ್ಲ, ನಮ್ಮ ಯಜಮಾನರು ತಂದಿದ್ದ ಡ್ರಮ್ಮು ಮಾರಿ ತಗೊಂಡ ಗ್ರೈಂಡರು ಅಂತ ಹೇಳುತ್ತಾಳೆ, ಚಿಕ್ಕಪ್ಪನಿಗೂ ಫೋನು ಮಾಡಿಸಿ ಹೇಳಿದಳು.

ಇವತ್ತು ಬೆಳಿಗ್ಗೆ ಹಿಟ್ಟಿನ ಕೈಯಲ್ಲೇ ಅಂಗಡಿಗೆ ಬಂದಳು. "ಅವ್ರಿಗೊಂದ್ ಕಾಗ್ದ ಬರಿ" ಅಂದಳು. ಯಾರಿಗೆ ಅಂದೆ. "ನಿಮ್ ಭಾವಂಗೆ ಕಣ್ಲಾ, ಇನ್ಯಾರ್ಗೆ?" ಬರೆದು ಎಲ್ಲಿಗೆ ಹಾಕುವುದು ಅಂದೆ. "ಅದೆಲ್ಲ ನಂಗೊತ್ತಿಲ್ಲ, ನೀನ್ ಬರಿ. ನಾನ್ ಬೈದಿದ್ದು ತಪ್ಪು ಅಂತ ಮಾತ್ರ ಬರೀಬ್ಯಾಡ. ಕೇಳ್ದೆ ಹೊಡ್ಕಂಡ್ ಓಗಿದ್ದು ತಪ್ಪೇಯ" ಅಂದಳು. ಮತ್ತೇನು ಬರೆಯಲಿ ಅಕ್ಕ ಅಂದೆ. ಬಾಗಿಲ ಕಡೆ ತಿರುಗಿಕೊಂಡು ಹೇಳಿದಳು, "ಕೇಳಿದ್ರೆ ಕೊಡ್ತಿದ್ದೆ ಅಂತ ಬರಿ."

ಬರೆದಿದ್ದೇನೆ ಭಾವ.

ನಿಮ್ಮ ಬಾಮೈದ,
ಸೋಮ